ಮುಟ್ಟದೆ ನೋಡುವ ವಿದ್ಯೆ

ಮೂವತ್ತು ವರ್ಷಗಳಿಗೆ ಹಿಂದೆ ನಾನು ಮಲೆನಾಡಿನ ಒಂದು ಗ್ರಾಮದಲ್ಲಿ ಉಪಾಧ್ಯಾಯನಾಗಿದ್ದೆನು. ಒಂದು ಮಾಘಮಾಸದ ಬೆಳಗಿನಲ್ಲಿ ಅಡಕೆಯ ತೋಟದ ಅಂಚಿನಲ್ಲಿ ಮಂಗವೊಂದು ಸತ್ತು ಬಿದ್ದಿತ್ತು. ಆಂಜನೇಯನ ಕುಲದ ಪ್ರಾಣಿಯನ್ನು ಹಾಗೆಯೇ ಬಿಡಬಾರದೆಂದು ಊರವರು ಅದನ್ನು ಹಳೆಯ ಪಂಚೆಯೊಂದರಲ್ಲಿ ಮಲಗಿಸಿ, ಅರಿಸಿನ ಕುಂಕುಮಗಳನ್ನಿಟ್ಟು, ಹೊತ್ತುಕೊಂಡು ಹೋಗಿ ಹೂಳಿದರು. ಆ ಪಂಚೆಯ ಒಂದು ಮೂಲೆಯನ್ನು ಹಿಡಿದವನು ನನ್ನ ಆರನೆಯ ತರಗತಿಯ ಒಬ್ಬ ಹುಡುಗನು. ವಾರ ತುಂಬುವುದರೊಳಗೆ ಅವನಿಗೆ ವಿಷಮಜ್ವರ ಬಂದಿತು. ವಸಡಿನಲ್ಲಿ ರಕ್ತ ಕಂಡಿತು. ದೂರದ ಆಸ್ಪತ್ರೆಗೆ ಸಾಗಿಸಿದರು. ದೈವಕೃಪೆಯಿಂದ ಹುಡುಗನು ಉಳಿದನು. ಎರಡು ತಿಂಗಳ ಮೇಲೆ ಶಾಲೆಗೆ ಬಂದಾಗ ಅವನ ಅಂಗಿಯು ಅವನಿಗೆ ದೊಡ್ಡದಾಗಿದ್ದಿತು. ಅವನೊಡನೆ ಬಂದ ತಾಯಿಯು ನನ್ನನ್ನು ಕೇಳಿದಳು: "ಮೇಷ್ಟ್ರೇ, ಆ ಎರಡು ವಾರ ಇವನ ಒಳಗೆ ಏನು ನಡೆಯುತ್ತಿತ್ತು? ಕಣ್ಣಿಗೆ ಕಾಣುವ ಹಾಗಿದ್ದರೆ ಅಷ್ಟು ಹೆದರುತ್ತಿರಲಿಲ್ಲ." ನಾನು ಏನನ್ನೂ ಹೇಳಲಾರದೆ ಹೋದೆನು.

ಆ ತಾಯಿಯ ಪ್ರಶ್ನೆಯು ಸಾಮಾನ್ಯವಾದುದೆಂದು ಆಗ ನನಗೆ ತೋರಿತು. ಅನಂತರ ವಿಶ್ರಾಂತಿಯ ದಿನಗಳಲ್ಲಿ ಓದುತ್ತ ಹೋದಂತೆ, ವೈದ್ಯಶಾಸ್ತ್ರದ ಅತಿ ಕಠಿನವಾದ ಪ್ರಶ್ನೆಗಳಲ್ಲಿ ಇದೊಂದೆಂದು ತಿಳಿಯಿತು. ಬದುಕಿರುವ ದೇಹವನ್ನು ಸೀಳಿ ನೋಡುವಂತಿಲ್ಲ; ಸತ್ತ ದೇಹವು ಗ್ರಂಥದ ಕಡೆಯ ಪುಟವನ್ನು ಮಾತ್ರ ತೋರಿಸುವುದು, ನಡುವಿನ ಪುಟಗಳನ್ನಲ್ಲ. ಅದರ ಮೇಲೆ ರೋಗವು ಸಾಂಕ್ರಾಮಿಕವಾಗಿ, ಮದ್ದಿಲ್ಲದ್ದಾಗಿ, ಮುಟ್ಟಿದವನನ್ನೇ ಹಿಡಿಯುವಂಥದ್ದಾಗಿದ್ದರೆ, ನೋಡಹೋದವನ ಪ್ರಾಣಕ್ಕೇ ಸಂಚಕಾರವು. ಇಂತಹ ರೋಗಗಳನ್ನು ಬಿಗಿಯಾದ ನಿರೋಧಗೃಹಗಳೊಳಗೆ, ಪ್ರಯೋಗಪ್ರಾಣಿಗಳ ದೇಹದಲ್ಲಿ, ಶಸ್ತ್ರವನ್ನು ಹಚ್ಚದೆ, ಕಿರಣ ಮತ್ತು ಅಯಸ್ಕಾಂತಗಳಿಂದ ನೋಡುವ ವಿದ್ಯೆಯು ಹೇಗೆ ಬೆಳೆದು ಬಂದಿತೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವು.

ಈ ವಿದ್ಯೆಗೆ ಎರಡು ಮೂಲಗಳುಂಟು. ಒಂದು ನೋಡುವುದರ ಚರಿತ್ರೆ. ಇನ್ನೊಂದು ಮುಟ್ಟದಿರುವುದರ ಚರಿತ್ರೆ. ಎರಡೂ ಬಹುಕಾಲ ಬೇರೆಬೇರೆಯಾಗಿ ಹರಿದು ನಮ್ಮ ಕಾಲದಲ್ಲಿ ಕೂಡಿಕೊಂಡವು. ಎರಡರ ದಡದಲ್ಲಿಯೂ ಮೃತರ ಹೆಸರುಗಳಿರುವುವು.

ಮೊದಲನೆಯದನ್ನು ನೋಡೋಣ. ೧೮೯೫ನೆಯ ಇಸವಿಯ ನವಂಬರ್ ೮ರಂದು ಜರ್ಮನಿಯ ವೂರ್ಟ್ಸ್‌ಬುರ್ಗ್ ಪಟ್ಟಣದಲ್ಲಿ ವಿಲ್‌ಹೆಲ್ಮ್ ರಂಟ್ಗೆನ್ ಪಂಡಿತನು ಗಾಜಿನ ನಳಿಕೆಯೊಂದರಲ್ಲಿ ವಿದ್ಯುತ್ತನ್ನು ಹಾಯಿಸುತ್ತಿದ್ದಾಗ, ಅದನ್ನು ಕಪ್ಪು ಕಾಗದದಿಂದ ಮುಚ್ಚಿದ್ದರೂ ದೂರದಲ್ಲಿದ್ದ ಒಂದು ಫಲಕವು ಹೊಳೆಯುವುದನ್ನು ಕಂಡನು. ಅದಕ್ಕೆ ಕಾರಣವಾದ ಕಿರಣದ ಸ್ವರೂಪವು ತಿಳಿಯದಿದ್ದುದರಿಂದ ಬೀಜಗಣಿತದ ಅವ್ಯಕ್ತಸಂಖ್ಯೆಯ ಹೆಸರನ್ನು ಅದಕ್ಕಿಟ್ಟನು. ನಮ್ಮ ಭಾಷೆಯಲ್ಲಿ ಅದು ಕ್ಷ-ಕಿರಣವಾಯಿತು. ಡಿಸೆಂಬರ್ ೨೨ರಂದು ತನ್ನ ಪತ್ನಿಯ ಕೈಯ ಚಿತ್ರವನ್ನು ತೆಗೆದನು. ಮೂಳೆಗಳೂ ಬೆರಳಿನ ಉಂಗುರವೂ ಅದರಲ್ಲಿ ಸ್ಪಷ್ಟವಾಗಿ ಮೂಡಿದ್ದವು. ಬದುಕಿರುವ ಮನುಷ್ಯನು ತನ್ನ ಅಸ್ಥಿಯನ್ನು ತಾನೇ ಕಾಣುವುದು ಅಂದಿನವರೆಗೆ ಅಸಾಧ್ಯವಾಗಿದ್ದಿತು. ೧೯೦೧ರಲ್ಲಿ ಭೌತಶಾಸ್ತ್ರದ ಪ್ರಥಮ ನೊಬೆಲ್ ಪಾರಿತೋಷಕವು ಅವನಿಗೆ ಸಂದಿತು.

ಆದರೆ ಕಾಣದ ಕಿರಣವು ಕಾಣದಂತೆಯೇ ಸುಡುವುದೆಂಬುದು ಬೇಗನೆ ಗೊತ್ತಾಯಿತು. ಅಮೆರಿಕದ ಎಡಿಸನ್ನನ ಸಹಾಯಕನಾಗಿದ್ದ ಕ್ಲಾರೆನ್ಸ್ ಡ್ಯಾಲಿಯು ದಿನವೂ ತನ್ನ ಕೈಯನ್ನೇ ಕಿರಣಕ್ಕೊಡ್ಡಿ ಯಂತ್ರವನ್ನು ಪರೀಕ್ಷಿಸುತ್ತಿದ್ದನು. ಕೈಯಲ್ಲಿ ಹುಣ್ಣಾಯಿತು, ಹುಣ್ಣು ಅರ್ಬುದವಾಯಿತು, ಕೈಗಳನ್ನು ಕತ್ತರಿಸಬೇಕಾಯಿತು. ೧೯೦೪ರಲ್ಲಿ ಅವನು ತೀರಿಕೊಂಡನು. ಎಡಿಸನ್ನನು ಆ ಕೆಲಸವನ್ನೇ ಬಿಟ್ಟುಬಿಟ್ಟನು. ಹೀಗೆ ಮಡಿದವರ ನೆನಪಿಗಾಗಿ ಹ್ಯಾಂಬುರ್ಗ್ ನಗರದ ಆಸ್ಪತ್ರೆಯೊಂದರ ಆವರಣದಲ್ಲಿ ೧೯೩೬ರಲ್ಲಿ ಒಂದು ಶಿಲಾಸ್ತಂಭವನ್ನು ನಿಲ್ಲಿಸಿದರು. ಮೊದಲು ಅದರ ಮೇಲೆ ೧೬೯ ಹೆಸರುಗಳಿದ್ದವು. ಮುಂದೆ ಇನ್ನೂ ಸೇರುತ್ತ ಹೋದವು. ಕಿರಣಕ್ಕೂ ಮನುಷ್ಯನಿಗೂ ನಡುವೆ ಸೀಸದ ಗೋಡೆಯಿರತಕ್ಕದ್ದೆಂಬ ನಿಯಮವು ಈ ಹೆಸರುಗಳ ಬೆಲೆಯಿಂದ ಬಂದುದು.

ಇನ್ನು ಎರಡನೆಯದು. ಸೂಕ್ಷ್ಮಜೀವಿಗಳನ್ನು ಅಭ್ಯಾಸ ಮಾಡಿದವರಲ್ಲಿ ಆ ಜೀವಿಗಳಿಂದಲೇ ಮಡಿದವರು ಅನೇಕರು. ಹೋವರ್ಡ್ ರಿಕೆಟ್ಸನು ೧೯೧೦ರಲ್ಲಿ ಮೆಕ್ಸಿಕೋದಲ್ಲಿ ಟೈಫಸ್ ಜ್ವರವನ್ನು ಅಭ್ಯಾಸ ಮಾಡುತ್ತ ಅದೇ ಜ್ವರದಿಂದ ಸತ್ತನು. ಪ್ರೋವಾಜೆಕನು ೧೯೧೫ರಲ್ಲಿ ಅದರಿಂದಲೇ ಸತ್ತನು. ರೋಗಕ್ಕೆ ಕಾರಣವಾದ ಜೀವಿಗೆ ಇವರಿಬ್ಬರ ಹೆಸರನ್ನೂ ಕೂಡಿಸಿ ನಾಮಕರಣ ಮಾಡಲಾಯಿತು. ಪಶ್ಚಿಮ ಆಫ್ರಿಕದಲ್ಲಿ ಹಳದಿ ಜ್ವರದ ವೈರಸ್ಸನ್ನು ೧೯೨೭ರಲ್ಲಿ ರೀಸಸ್ ಜಾತಿಯ ಕೋತಿಗಳಲ್ಲಿ, ಅಂದರೆ ನಮ್ಮ ಉತ್ತರ ಹಿಂದೂಸ್ಥಾನದ ಕೆಂಪು ಮೋರೆಯ ಮಂಗಗಳ ಜಾತಿಯಲ್ಲಿ, ಬೆಳೆಸುವ ಮಾರ್ಗವು ತಿಳಿಯಿತು. ಆ ಕೆಲಸದಲ್ಲಿದ್ದ ಏಡ್ರಿಯನ್ ಸ್ಟೋಕ್ಸನು ಅದೇ ವರ್ಷ ಆ ಜ್ವರಕ್ಕೇ ಬಲಿಯಾದನು. ಮರುವರ್ಷ ಮೇ ತಿಂಗಳಲ್ಲಿ ಜಪಾನಿನ ಹಿದೇಯೋ ನೊಗೂಚಿಯು ಅಕ್ರಾ ಪಟ್ಟಣದಲ್ಲಿ ಮಡಿದನು. ಅವನ ಶವವನ್ನು ಪರೀಕ್ಷಿಸಿದ ಯಂಗ್ ಎಂಬ ವೈದ್ಯನೂ ಕೆಲವೇ ದಿನಗಳಲ್ಲಿ ಅವನನ್ನು ಹಿಂಬಾಲಿಸಿದನು. ೧೯೩೨ರಲ್ಲಿ ನ್ಯೂಯಾರ್ಕಿನ ಬ್ರೆಬ್ನರ್ ಎಂಬ ತರುಣ ವೈದ್ಯನನ್ನು ಆರೋಗ್ಯವಾಗಿಯೇ ಕಾಣುತ್ತಿದ್ದ ರೀಸಸ್ ಕೋತಿಯೊಂದು ಕಚ್ಚಿತು. ಗಾಯವು ಅಲ್ಪವಾಗಿದ್ದಿತು, ವಿಷವು ನರಗಳನ್ನೇರಿ ಅವನನ್ನು ಕೊಂದಿತು. ಅವನ ಹೆಸರಿನ ಮೊದಲ ಅಕ್ಷರದಿಂದ ಆ ವೈರಸ್ಸಿಗೆ 'ಬಿ' ಎಂದು ಹೆಸರಾಯಿತು.

ಎರಡನೆಯ ಮಹಾಯುದ್ಧದ ನಡುವೆ, ೧೯೪೩ರಲ್ಲಿ, ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ ಫ್ರೆಡರಿಕ್ ಪಟ್ಟಣದ ಬಳಿ ಡೆಟ್ರಿಕ್ ಎಂಬ ಸೇನಾಶಿಬಿರದಲ್ಲಿ ರೋಗಾಣುಗಳ ಪ್ರಯೋಗಶಾಲೆಯೊಂದು ಹುಟ್ಟಿತು. ಅದರ ಉದ್ದೇಶವು ಯುದ್ಧಸಂಬಂಧವಾದುದು. ಅದನ್ನು ಹೊಗಳುವುದು ನನ್ನ ಕೆಲಸವಲ್ಲ. ಆದರೆ ಅಲ್ಲಿ ಆರ್ನಾಲ್ಡ್ ವೆಡಮ್ ಎಂಬ ವೈದ್ಯನು ಕೆಲಸಗಾರರಿಗೆ ರೋಗ ತಗಲುವ ಬಗೆಯನ್ನು ವರ್ಷಗಟ್ಟಲೆ ಪರಿಶೋಧಿಸಿ, ಗಾಳಿಯಾಡದ ಪೆಟ್ಟಿಗೆಯೊಳಕ್ಕೆ ಕೈಗವಸುಗಳ ಮೂಲಕ ಕೈಯನ್ನಿಟ್ಟು ಕೆಲಸಮಾಡುವ ಕ್ರಮವನ್ನೂ ಗಾಳಿಯನ್ನು ಶೋಧಿಸಿ ಹೊರಬಿಡುವ ಕ್ರಮವನ್ನೂ ನೆಲೆಗೊಳಿಸಿದನು. ಅಷ್ಟಾದರೂ ಅಲ್ಲಿ ಮೂವರು ಮಡಿದರು. ಅವರಲ್ಲಿ ಕೊನೆಯವನು, ೧೯೬೪ರಲ್ಲಿ ಸತ್ತ ಆಲ್ಬರ್ಟ್ ನಿಕಲ್. ಅವನು ಪಂಡಿತನಲ್ಲ, ಪ್ರಾಣಿಗಳಿಗೆ ಮೇವು ನೀರು ಕೊಡುತ್ತಿದ್ದ ಪಾಲಕನು. ಆ ಆವರಣದ ಬೀದಿಗಳಿಗೆ ಮೂವರ ಹೆಸರುಗಳನ್ನೂ ಇಟ್ಟಿರುವರು. ೧೯೭೬ರಲ್ಲಿ ರಾಬರ್ಟ್ ಪೈಕನು ಜಗತ್ತಿನ ಪ್ರಯೋಗಶಾಲೆಗಳಲ್ಲಿ ರೋಗ ತಗಲಿದ ೩,೯೨೧ ಪ್ರಸಂಗಗಳನ್ನು ಒಂದೆಡೆ ಕಲೆಹಾಕಿದನು. ಸೂಜಿ ಚುಚ್ಚಿದ್ದು, ಪ್ರಾಣಿ ಕಚ್ಚಿದ್ದು, ಗಾಜು ಒಡೆದದ್ದು ಮುಂತಾದ ಗೊತ್ತಾದ ಅಪಘಾತಗಳಿಂದಾದುವು ಅವುಗಳಲ್ಲಿ ನೂರಕ್ಕೆ ಇಪ್ಪತ್ತಕ್ಕಿಂತಲೂ ಕಡಮೆ. ಮಿಕ್ಕವರಿಗೆ ತಮಗೆ ಯಾವಾಗ ತಗಲಿತೆಂಬುದೇ ತಿಳಿಯದು. ಬಹುಮಟ್ಟಿಗೆ ಗಾಳಿಯೇ ಅಲ್ಲಿ ದೂತನು.

ನಮ್ಮ ನಾಡಿನ ಮಾತೂ ಇಲ್ಲಿಯೇ ಬರುವುದು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸಾಯತೊಡಗಿದವು. ಹಿಂದೆಯೇ ಜನಕ್ಕೂ ಜ್ವರ ಬಂದಿತು. ಹಳದಿ ಜ್ವರವು ಹಿಂದೂಸ್ಥಾನವನ್ನು ಹೊಕ್ಕಿತೇ ಎಂದು ಲೋಕವೇ ಬೆಚ್ಚಿತು. ೧೯೫೨ರಲ್ಲಿ ಸ್ಥಾಪಿತವಾಗಿದ್ದ ಪುಣೆಯ ವೈರಸ್ ಸಂಶೋಧನ ಕೇಂದ್ರದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮುಂತಾದವರು ಬಂದು, ಇದು ಬೇರೊಂದು ವೈರಸ್ಸೆಂದೂ, ರಷ್ಯದ ಕಾಡುಗಳ ಮಿದುಳುಜ್ವರದ ವೈರಸ್ಸಿಗೆ ಬಂಧುವೆಂದೂ, ಕಾಡಿನ ಉಣುಗುಗಳಿಂದ ಹರಡುವುದೆಂದೂ ನಿರ್ಣಯಿಸಿದರು. ಅದೇ ನಮ್ಮ ಮಂಗನ ಕಾಯಿಲೆ. ಅದನ್ನು ಪ್ರಯೋಗಶಾಲೆಯಲ್ಲಿ ಅಭ್ಯಾಸ ಮಾಡಿದ ಕೆಲಸಗಾರರಲ್ಲಿ ಅನೇಕರಿಗೆ ಆ ಜ್ವರವೇ ತಗಲಿತು. ಹತ್ತು ವರ್ಷಗಳ ಮೇಲೆ, ೧೯೬೭ರಲ್ಲಿ, ಉಗಾಂಡದಿಂದ ತರಿಸಿದ ಹಸುರು ಕೋತಿಗಳ ಅಂಗಾಂಶಗಳನ್ನು ಮುಟ್ಟಿದ ಮಾರ್ಬುರ್ಗ್, ಫ್ರಾಂಕ್‌ಫರ್ಟ್, ಬೆಲ್‌ಗ್ರೇಡ್ ನಗರಗಳ ಕೆಲಸಗಾರರೂ, ಅವರ ಸಂಪರ್ಕಕ್ಕೆ ಬಂದವರೂ ಸೇರಿ ೩೧ ಜನರು ಹೊಸದೊಂದು ರಕ್ತಸ್ರಾವಜ್ವರದಿಂದ ಬಿದ್ದು, ೭ ಜನರು ಸತ್ತರು. ಲಸಿಕೆಯನ್ನು ತಯಾರಿಸುವ ಶುಭಕಾರ್ಯದಲ್ಲಿಯೇ ಈ ಅನರ್ಥವು ಒದಗಿದುದು.

ಈ ಅನುಭವಗಳಿಂದ ನಾಲ್ಕು ಮೆಟ್ಟಿಲುಗಳ ವ್ಯವಸ್ಥೆಯು ರೂಪುಗೊಂಡು, ೧೯೮೪ರಲ್ಲಿ ಅಮೆರಿಕದ ಆರೋಗ್ಯಶಾಖೆಯ ಕೈಪಿಡಿಯಲ್ಲಿ ಪ್ರಕಟವಾಯಿತು. ನಿರುಪದ್ರವಿಗಳಾದ ಜೀವಿಗಳಿಗೆ ಮೊದಲನೆಯ ಮೆಟ್ಟಿಲು. ಗಾಳಿಯಿಂದ ಹರಡುವ ಕ್ಷಯದಂಥವಕ್ಕೆ ಮೂರನೆಯದು. ಮದ್ದಿಲ್ಲದ ಮಾರಕರೋಗಗಳಿಗೆ ನಾಲ್ಕನೆಯದು. ನಾಲ್ಕನೆಯ ಮೆಟ್ಟಿಲಿನ ಮನೆಯನ್ನು ವಾಚಕರು ಹೀಗೆ ಊಹಿಸಿಕೊಳ್ಳಬಹುದು. ಒಳಗಿನ ಗಾಳಿಯ ಒತ್ತಡವು ಹೊರಗಿನದಕ್ಕಿಂತ ಕಡಮೆಯಿರುವುದು. ಬಿರುಕು ಬಿಟ್ಟರೆ ಹೊರಗಾಳಿಯು ಒಳಕ್ಕೆ ನುಗ್ಗುವುದೇ ಹೊರತು ಒಳಗಾಳಿಯು ಹೊರಬೀಳದು. ಹೊರಹೋಗುವ ಗಾಳಿಯು ಒಂದರ ಹಿಂದೊಂದು ಎರಡು ಶೋಧಕಗಳನ್ನು ದಾಟಬೇಕು. ನೀರನ್ನೂ ಮಲಮೂತ್ರವನ್ನೂ ಶುದ್ಧಿಮಾಡಿಯೇ ಬಿಡಬೇಕು. ಕೆಲಸಗಾರನು ತಲೆಯಿಂದ ಕಾಲಿನವರೆಗೆ ಒಂದೇ ಆದ ಉಡುಪನ್ನು ತೊಟ್ಟು, ಕೊಳವೆಯಿಂದ ಬರುವ ಗಾಳಿಯನ್ನು ಉಸಿರಾಡುವನು. ಹೊರಬರುವಾಗ ಉಡುಪಿನ ಮೇಲೆಯೇ ಔಷಧಜಲದ ಸ್ನಾನವಾಗಬೇಕು. ಮಡಿಯುಟ್ಟು ಅಡುಗೆಮನೆಗೆ ಹೋಗುವ ನಮ್ಮ ಹಿರಿಯರ ಕಟ್ಟಳೆಯೂ ಇದರ ಮುಂದೆ ಸಡಿಲವೇ ಸರಿ. ಒಂದು ಭೇದವುಂಟು: ಅಲ್ಲಿ ಒಳಗಿರುವುದು ಶುದ್ಧ, ಹೊರಗಿನದು ಮೈಲಿಗೆ, ಇಲ್ಲಿ ತಿರುಗುಮುರುಗು.

ಇತ್ತ ನೋಡುವ ವಿದ್ಯೆಯೂ ಬೆಳೆಯುತ್ತಿದ್ದಿತು. ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡನು ಕ್ಷ-ಕಿರಣವನ್ನು ಸುತ್ತಲಿಂದಲೂ ಹಾಯಿಸಿ, ಗಣಕಯಂತ್ರದಿಂದ ಲೆಕ್ಕಹಾಕಿಸಿ, ದೇಹದ ಒಂದೊಂದು ಪದರವನ್ನೂ ಬೇರೆಬೇರೆಯಾಗಿ ತೋರಿಸುವ ಸಿ.ಟಿ. ಯಂತ್ರವನ್ನು ನಿರ್ಮಿಸಿದನು, ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ಅದರಿಂದ ನೋಡಿದರು. ೧೯೭೩ರಲ್ಲಿ ಪಾಲ್ ಲಾಟರ್‌ಬರನು ಅಯಸ್ಕಾಂತಕ್ಷೇತ್ರ ಮತ್ತು ರೇಡಿಯೋ ತರಂಗಗಳಿಂದ ಚಿತ್ರ ತೆಗೆಯುವ ಮಾರ್ಗವನ್ನು ಪ್ರಕಟಿಸಿದನು. ಅದೇ ಮುಂದೆ ಎಂ.ಆರ್.ಐ. ಆಯಿತು. ಅದೇ ದಶಕದಲ್ಲಿ ಪೆಟ್ ಎಂಬ ಮೂರನೆಯ ಮಾರ್ಗವೂ ಬಂದಿತು. ಇದರಲ್ಲಿ ಸಕ್ಕರೆಯನ್ನು ಹೋಲುವ ದ್ರವ್ಯಕ್ಕೆ ವಿಕಿರಣಶೀಲವಾದ ಫ್ಲೋರಿನನ್ನು ಕೂಡಿಸಿ ರಕ್ತಕ್ಕೆ ಬಿಡುವರು. ಎಲ್ಲಿ ಜೀವಕೋಶಗಳು ಹೆಚ್ಚಾಗಿ ಉರಿಯುತ್ತಿರುವುವೋ ಅಲ್ಲಿ ಆ ಸಕ್ಕರೆಯು ಸೇರಿ ದೀಪದಂತೆ ತೋರುವುದು. ಸಿ.ಟಿ.ಯು ಆಕಾರವನ್ನು ಹೇಳಿದರೆ ಪೆಟ್ ಕ್ರಿಯೆಯನ್ನು ಹೇಳುವುದು.

ಇವೆರಡನ್ನೂ ಕೂಡಿಸಬೇಕಾದ ಅವಶ್ಯಕತೆಯೇನು? ಹಿಂದಿನ ಪದ್ಧತಿಯನ್ನು ತಿಳಿದರೆ ಉತ್ತರವು ತಾನಾಗಿಯೇ ಹೊಳೆಯುವುದು. ರೋಗವು ದೇಹದಲ್ಲಿ ದಿನದಿನಕ್ಕೆ ಹೇಗೆ ನಡೆಯುವುದೆಂದು ತಿಳಿಯಬೇಕಾದರೆ, ಹಲವು ಪ್ರಾಣಿಗಳಿಗೆ ಒಂದೇ ದಿನ ರೋಗವನ್ನು ತಗಲಿಸಿ, ಎರಡನೆಯ ದಿನ ಕೆಲವನ್ನು, ನಾಲ್ಕನೆಯ ದಿನ ಕೆಲವನ್ನು, ಆರನೆಯ ದಿನ ಕೆಲವನ್ನು ಕೊಂದು ಸೀಳಿ ನೋಡುತ್ತಿದ್ದರು. ಇದರಲ್ಲಿ ಎರಡು ದೋಷಗಳು. ಒಂದು, ಪ್ರಾಣಹಾನಿಯ ಬಾಹುಳ್ಯ. ಇನ್ನೊಂದು, ಜ್ಞಾನದ ದೋಷ: ಎರಡನೆಯ ದಿನ ಕೊಂದ ಪ್ರಾಣಿಯು ಬದುಕಿದ್ದರೆ ಗುಣವಾಗುತ್ತಿತ್ತೋ ಸಾಯುತ್ತಿತ್ತೋ ಎಂಬುದು ಎಂದಿಗೂ ತಿಳಿಯದು. ಬೇರೆಬೇರೆ ಪ್ರಾಣಿಗಳಿಂದ ಹರಿದ ಹಾಳೆಗಳನ್ನು ಕೂಡಿಸಿ ಒಂದೇ ಕಥೆಯೆಂದು ಓದಿದಂತೆ. ೧೯೫೯ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬವರು ಮೂರು ಸೂತ್ರಗಳನ್ನು ಮುಂದಿಟ್ಟರು: ಸಾಧ್ಯವಾದೆಡೆ ಪ್ರಾಣಿಯ ಬದಲು ಬೇರೆ ಉಪಾಯವನ್ನು ಹೂಡತಕ್ಕದ್ದು, ಹೂಡಲಾಗದಿದ್ದರೆ ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸತಕ್ಕದ್ದು, ಬಳಸಿದವುಗಳ ಕ್ಲೇಶವನ್ನು ಕಡಮೆಮಾಡತಕ್ಕದ್ದು. ನಮ್ಮ ದೇಶದ ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯೂ ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯೊಂದನ್ನು ವಿಧಿಸಿತು. ಒಂದೇ ಪ್ರಾಣಿಯನ್ನು ಅರಿವಳಿಕೆ ಕೊಟ್ಟು ಮಲಗಿಸಿ, ದಿನಬಿಟ್ಟು ದಿನ ಅದರ ಒಳಗನ್ನು ಚಿತ್ರಿಸಿದರೆ, ಮೊದಲ ದಿನದ ಅದರ ಸ್ಥಿತಿಯೇ ಮುಂದಿನ ಸ್ಥಿತಿಗಳಿಗೆ ಅಳತೆಗೋಲಾಗುವುದು. ಕಥೆಯು ಒಂದೇ ಗ್ರಂಥದಿಂದ ಓದಲ್ಪಡುವುದು.

ಹಾಗಾದರೆ ಯಂತ್ರವನ್ನು ನಿರೋಧಗೃಹದೊಳಗೆ ಇಟ್ಟುಬಿಟ್ಟರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ತೊಡಕು ಅಲ್ಲಿಯೇ ಇರುವುದು. ನಾಲ್ಕನೆಯ ಮೆಟ್ಟಿಲಿನ ಮನೆಯೊಳಗೆ ಹೋದ ವಸ್ತುವು ಶುದ್ಧಿಯಾಗದೆ ಹೊರಬರಕೂಡದು. ಶುದ್ಧಿಯೆಂದರೆ ಕೋಣೆಯನ್ನೆಲ್ಲ ತುಂಬುವ ತೀಕ್ಷ್ಣವಾದ ಧೂಮ. ಅದು ಸೂಕ್ಷ್ಮವಾದ ವಿದ್ಯುದ್ಯಂತ್ರಗಳನ್ನು ತಿಂದುಹಾಕಬಹುದು. ಯಂತ್ರವು ಕೆಟ್ಟರೆ ಅದನ್ನು ಸರಿಪಡಿಸುವವನು ರೋಗಾಣುವಿದ್ಯೆಯಲ್ಲಿ ಶಿಕ್ಷಣ ಪಡೆದವನಲ್ಲ. ಅವನನ್ನು ಆ ಉಡುಪಿನಲ್ಲಿ ಒಳಕ್ಕೆ ಕಳುಹಿಸುವುದು ಅವನಿಗೂ ಅಪಾಯ, ಮನೆಗೂ ಅಪಾಯ. ಎಂ.ಆರ್.ಐ. ಯಂತ್ರದ ಅಯಸ್ಕಾಂತವು ಸದಾ ಜಾಗೃತವಾಗಿದ್ದು ಕಬ್ಬಿಣದ ವಸ್ತುಗಳನ್ನು ಬಾಣದಂತೆ ಸೆಳೆಯುವುದು. ಹಾರಿಬಂದ ಕತ್ತರಿಯು ಉಡುಪನ್ನು ಸೀಳಿದರೆ ಗತಿಯೇನು? ಆ ಅಯಸ್ಕಾಂತವನ್ನು ತಂಪಾಗಿಡುವ ಹೀಲಿಯಂ ದ್ರವವು ಆಕಸ್ಮಿಕವಾಗಿ ಕುದಿದರೆ ಏಳುನೂರು ಪಟ್ಟಿನಷ್ಟು ಹಿಗ್ಗಿ ಅನಿಲವಾಗುವುದು. ಅದಕ್ಕೆ ನೇರವಾಗಿ ಬಯಲಿಗೆ ಹೋಗುವ ಕೊಳವೆ ಬೇಕು. ಗಾಳಿಯೂ ನುಸುಳದ ಮನೆಯಲ್ಲಿ ಅಂತಹ ಕೊಳವೆಯನ್ನು ತೆರೆದಿಡುವುದೆಂತು? ಪೆಟ್ ಯಂತ್ರದ ಫ್ಲೋರಿನ್ನು ೧೧೦ ನಿಮಿಷಗಳಲ್ಲಿ ಅರ್ಧವಾಗಿ ಕ್ಷಯಿಸುವುದು. ಉಡುಪು ತೊಡುವುದರಲ್ಲಿಯೇ ಕಾಲ ಕಳೆದರೆ ದೀಪವು ಆರತೊಡಗುವುದು.

ಫೋರ್ಟ್ ಡೆಟ್ರಿಕ್ ಆವರಣದಲ್ಲಿಯೇ, ಅಲರ್ಜಿ ಮತ್ತು ಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಸಂಸ್ಥೆಯು ಈ ಶತಮಾನದಲ್ಲಿ ಕಟ್ಟಿಸಿದ ಸಂಶೋಧನಮಂದಿರದಲ್ಲಿ ಈ ಗಂಟನ್ನು ಬಿಡಿಸಿದರು. ೧೯೮೯ರಲ್ಲಿ ರೆಸ್ಟನ್ ಎಂಬಲ್ಲಿ ಕೋತಿಗಳನ್ನು ಕೊಂದ ಎಬೋಲ ಜಾತಿಯ ವೈರಸ್ಸನ್ನು ಗುರುತಿಸಿದವರಲ್ಲೊಬ್ಬನಾದ ಪೀಟರ್ ಜಾರ್ಲಿಂಗನು ಅದರ ನಿರ್ದೇಶಕನಾಗಿದ್ದನು. ಅವರ ಉಪಾಯವು ಕೇಳಲು ಸರಳವಾದುದು. ಯಂತ್ರವನ್ನು ಒಳಗಿಡಲಿಲ್ಲ, ಗೋಡೆಯನ್ನೇ ಯಂತ್ರದೊಳಕ್ಕೆ ಚಾಚಿದರು. ನಿರೋಧಗೃಹದ ಗೋಡೆಯಿಂದ ಮೊಹರುಮಾಡಿದ ಒಂದು ನಳಿಕೆಯು ಹೊರಟು, ಗೋಡೆಯ ಆಚೆ ಶುದ್ಧವಾದ ಕೋಣೆಯಲ್ಲಿರುವ ಯಂತ್ರದ ರಂಧ್ರದೊಳಗೆ ಹಾಯುವುದು. ಅರಿವಳಿಕೆಯಲ್ಲಿರುವ ಪ್ರಾಣಿಯನ್ನು ಒಳಗಿನಿಂದಲೇ ಆ ನಳಿಕೆಯೊಳಕ್ಕೆ ಸರಿಸುವರು. ಪ್ರಾಣಿಯಿರುವುದು ಯಂತ್ರದ ನಡುವೆ; ಆದರೂ ಅದು ಗೋಡೆಯನ್ನು ದಾಟಿಲ್ಲ. ಯಂತ್ರವು ಪ್ರಾಣಿಯನ್ನು ಸುತ್ತುವರಿದಿರುವುದು. ಆದರೂ ಅದು ಮೈಲಿಗೆಯಾಗಿಲ್ಲ. ಕಿರಣವೂ ಅಯಸ್ಕಾಂತಶಕ್ತಿಯೂ ನಳಿಕೆಯನ್ನು ಹಾಯ್ದು ಹೋಗುವುವು, ವೈರಸ್ಸು ಹಾಯಲಾರದು. ಯಂತ್ರವು ಕೆಟ್ಟರೆ ಸಾಮಾನ್ಯನಾದ ಯಂತ್ರಶಿಲ್ಪಿಯು ಸಾಮಾನ್ಯವಾದ ಬಟ್ಟೆಯಲ್ಲಿ ಬಂದು ಸರಿಪಡಿಸಬಹುದು. ಹೀಲಿಯಂ ಕೊಳವೆಯು ಶುದ್ಧವಾದ ಪಕ್ಕದಿಂದಲೇ ಬಯಲಿಗೆ ಹೋಗಬಹುದು.

ಇಂತಹ ಮನೆಯಲ್ಲಿ ಮೂರು ಕಾಣದ ವಸ್ತುಗಳಿಗೆ ಮೂರು ಗೋಡೆಗಳು ಬೇಕು. ರೋಗಾಣುವಿಗೆ ಗಾಳಿ ನುಸುಳದ ಗೋಡೆ. ಕಿರಣಕ್ಕೆ ಸೀಸದಂತಹ ಭಾರವಾದ ಗೋಡೆ. ರೇಡಿಯೋ ತರಂಗಕ್ಕೆ ತಾಮ್ರದಂತಹ ಲೋಹದ ಪಂಜರ. ಒಂದಕ್ಕೆ ತಡೆಯಾದುದು ಇನ್ನೊಂದಕ್ಕೆ ತಡೆಯಾಗಲಾರದು. ರಿಕೆಟ್ಸನ ಮರಣವೂ ಡ್ಯಾಲಿಯ ಮರಣವೂ ಕಲಿಸಿದ ಪಾಠಗಳು ಇಲ್ಲಿ ಒಂದೇ ಕಟ್ಟಡದಲ್ಲಿ ಸೇರಿದುವು.

ಈ ವಿದ್ಯೆಯು ತೋರಿಸಿದುದೇನು? ಒಂದೆರಡು ನಿದರ್ಶನಗಳನ್ನು ಕೊಡುವೆನು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಜೋಆನ್ ಫ್ಲಿನ್ ಎಂಬ ವಿದುಷಿಯೂ ಅವಳ ಸಹೋದ್ಯೋಗಿಗಳೂ ಮೂರನೆಯ ಮೆಟ್ಟಿಲಿನ ನಿರೋಧದಲ್ಲಿ ಮಕಾಕ ಜಾತಿಯ ಕೋತಿಗಳಲ್ಲಿ ಕ್ಷಯವನ್ನು ಪೆಟ್ ಮತ್ತು ಸಿ.ಟಿ. ಎರಡರಿಂದಲೂ ಬಹುದಿನ ಹಿಂಬಾಲಿಸಿದರು. ಕ್ಷಯದ ಗಂಟುಗಳೆಲ್ಲವೂ ಒಟ್ಟಿಗೆ ಬೆಳೆಯುವುವು, ಒಟ್ಟಿಗೆ ಅಡಗುವುವು ಎಂದು ಭಾವಿಸುವುದು ಸಹಜವಾಗಿದ್ದಿತು. ನಿಜವು ಹಾಗಿರಲಿಲ್ಲ. ಒಂದೇ ಪ್ರಾಣಿಯ ಒಂದೇ ಶ್ವಾಸಕೋಶದಲ್ಲಿ ಒಂದು ಗಂಟು ಬೆಳೆಯುತ್ತಿರುವಾಗ ಪಕ್ಕದ ಗಂಟು ತಾನಾಗಿಯೇ ನಿರ್ಬೀಜವಾಗುತ್ತಿದ್ದಿತು. ರೋಗವು ಉಲ್ಬಣಿಸಿದ ಪ್ರಾಣಿಯಲ್ಲಿಯೂ ಕ್ರಿಮಿರಹಿತವಾದ ಗಂಟುಗಳಿದ್ದುವೆಂದು ೨೦೧೪ರಲ್ಲಿ ಅವರು ಪ್ರಕಟಿಸಿದರು. ೨೦೨೦ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ನಮ್ಮ ಮಕ್ಕಳಿಗೆಲ್ಲ ಚರ್ಮದಲ್ಲಿ ಹಾಕುವ ಬಿ.ಸಿ.ಜಿ. ಲಸಿಕೆಯನ್ನು ರಕ್ತನಾಳದಲ್ಲಿ ಕೊಟ್ಟ ೧೦ ಕೋತಿಗಳಲ್ಲಿ ೯ಕ್ಕೆ ಉತ್ತಮವಾದ ರಕ್ಷಣೆ ದೊರೆತಿತ್ತು. ೬ರಲ್ಲಿ ಸೋಂಕಿನ ಗುರುತೇ ಸಿಕ್ಕಲಿಲ್ಲ. ಅದೇ ೨೦೨೦ರ ಮಹಾಮಾರಿಯ ಕಾಲದಲ್ಲಿ ಡೆಟ್ರಿಕ್ಕಿನ ಮಂದಿರದಲ್ಲಿ ಉದ್ದಬಾಲದ ಮಕಾಕಗಳಿಗೆ ಕೊರೋನ ವೈರಸ್ಸನ್ನು ತಗಲಿಸಿ ಶ್ವಾಸಕೋಶಗಳನ್ನು ಚಿತ್ರಿಸಿದಾಗ, ಮನುಷ್ಯರ ಚಿತ್ರಗಳಲ್ಲಿ ವೈದ್ಯರು ಕಾಣುತ್ತಿದ್ದ ಮಸುಕಾದ ಕಲೆಗಳೇ ಅಲ್ಲಿಯೂ ಮೂಡಿದವು; ಅವುಗಳನ್ನು ಅಳತೆಮಾಡಿ ಸಂಖ್ಯೆಯಲ್ಲಿ ಹೇಳಲು ಸಾಧ್ಯವಾಯಿತು. ಹೊರನೋಟಕ್ಕೆ ರೋಗವು ಸೌಮ್ಯವಾಗಿದ್ದರೂ ಒಳಗಿನ ಕಥೆಯು ಮರೆಯಾಗಿರಲಿಲ್ಲ.

ಇಲ್ಲಿ ತರ್ಕಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನಾನು ಒಂದು ಮಾತನ್ನು ಹೇಳದಿರಲಾರೆನು. ಈ ಚಿತ್ರಗಳು ಪ್ರತ್ಯಕ್ಷವೆಂದು ತೋರಿದರೂ ಅನುಮಾನದ ಕೋಟಿಗೇ ಸೇರಿದುವು. ಗುಡ್ಡದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವಂತೆ, ಹೊಳೆಯುವ ಚುಕ್ಕೆಯನ್ನು ಕಂಡು ಉರಿಯನ್ನು ತಿಳಿಯುವೆವು. ಪೆಟ್ ಚಿತ್ರದಲ್ಲಿ ಹೊಳೆಯುವುದು ಕ್ರಿಮಿಯಲ್ಲ, ಕ್ರಿಮಿಯೊಡನೆ ಹೋರಾಡುವ ದೇಹದ ಕೋಶಗಳು. ಗಾಯವು ಮಾಯುವಾಗಲೂ ಅವು ಹೊಳೆಯಬಹುದು. ಆದುದರಿಂದಲೇ ಪಿಟ್ಸ್‌ಬರ್ಗಿನವರು ಕಡೆಗೆ ಪ್ರಾಣಿಗಳನ್ನು ಸೀಳಿ, ಒಂದೊಂದು ಗಂಟನ್ನೂ ಪರೀಕ್ಷಿಸಿ, ಚಿತ್ರಕ್ಕೂ ಸತ್ಯಕ್ಕೂ ತಾಳೆನೋಡಬೇಕಾಯಿತು. ಚಿತ್ರವಿದ್ಯೆಯು ಪ್ರಾಣಿಬಲಿಯನ್ನು ತಗ್ಗಿಸಿತೇ ಹೊರತು ಇಲ್ಲದಂತೆ ಮಾಡಲಿಲ್ಲ. ಇದನ್ನು ಮರೆಮಾಚಿ ಹೊಗಳುವುದು ನ್ಯಾಯವಲ್ಲ.

ನಮ್ಮ ದೇಶದ ಋಣವನ್ನೂ ನೆನೆಯಬೇಕು. ಪುಣೆಯ ಆ ಕೇಂದ್ರವು ರಾಷ್ಟ್ರೀಯ ವಿಷಾಣು ಸಂಸ್ಥೆಯಾಗಿ ಬೆಳೆದು, ೨೦೧೨ರ ಡಿಸೆಂಬರಿನಲ್ಲಿ ಅಲ್ಲಿ ನಾಲ್ಕನೆಯ ಮೆಟ್ಟಿಲಿನ ನಿರೋಧಗೃಹವು ಆರಂಭವಾಯಿತು. ೨೦೨೦ರಲ್ಲಿ ನಮ್ಮ ದೇಶದಲ್ಲಿ ತಯಾರಾದ ಕೋವಾಕ್ಸಿನ್ ಲಸಿಕೆಯನ್ನು ಪರೀಕ್ಷಿಸಲು ೨೦ ರೀಸಸ್ ಕೋತಿಗಳು ಬೇಕಾದವು. ನಾಗಪುರದ ಕಡೆಯ ಕಾಡಿನಿಂದ ಅವುಗಳನ್ನು ಹಿಡಿದು ತಂದರು. ಐದೈದರ ನಾಲ್ಕು ಗುಂಪುಗಳನ್ನು ಮಾಡಿ, ಮೂರಕ್ಕೆ ಲಸಿಕೆಯನ್ನು ಕೊಟ್ಟು, ಒಂದಕ್ಕೆ ಕೊಡದೆ, ಎಲ್ಲಕ್ಕೂ ವೈರಸ್ಸನ್ನು ತಗಲಿಸಿದರು. ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲಸಿಕೆ ಪಡೆಯದ ಗುಂಪಿನಲ್ಲಿ ಶ್ವಾಸಕೋಶದ ಉರಿಯೂತವಿದ್ದಿತು, ಪಡೆದವುಗಳಲ್ಲಿ ಇರಲಿಲ್ಲ. ಅನಂತರ ನಮ್ಮಲ್ಲಿ ಕೋಟ್ಯಂತರ ಜನರು ತೋಳನ್ನೊಡ್ಡಿದರು. ಆ ಇಪ್ಪತ್ತು ಮಂಗಗಳನ್ನು ನೆನೆದವರು ಎಷ್ಟು ಮಂದಿ?

ಗೋಡೆಯು ಎಷ್ಟೇ ಬಲವಾಗಿರಲಿ, ಅದನ್ನು ಕಾಯುವವನು ಮನುಷ್ಯನೇ. ಇಂಗ್ಲೆಂಡಿನ ಪೋರ್ಟನ್ ಡೌನ್ ಪ್ರಯೋಗಶಾಲೆಯಲ್ಲಿ ೧೯೭೬ರಲ್ಲಿ ಒಬ್ಬ ಸಂಶೋಧಕನಿಗೆ ಎಬೋಲದ ಸೂಜಿಯು ಕೈಗವಸನ್ನು ಹಾಯ್ದು ಚುಚ್ಚಿತು. ಅವನು ಕಷ್ಟದಿಂದ ಉಳಿದನು. ೨೦೦೪ರಲ್ಲಿ ಸೈಬೀರಿಯದ ವೆಕ್ಟರ್ ಪ್ರಯೋಗಶಾಲೆಯಲ್ಲಿ ಅಂತಹ ಸೂಜಿಯೇ ಒಬ್ಬ ಕೆಲಸಗಾರ್ತಿಯನ್ನು ಕೊಂದಿತು. ಮೇಲೆ ಹೇಳಿದ ಡೆಟ್ರಿಕ್ಕಿನ ಮಂದಿರದಲ್ಲಿಯೂ ೨೦೨೫ರ ಏಪ್ರಿಲಿನಲ್ಲಿ, ಸಿಬ್ಬಂದಿಯ ನಡತೆಯಿಂದ ಸುರಕ್ಷತೆಗೆ ಕುಂದು ಬಂದಿತೆಂಬ ಕಾರಣವನ್ನು ಹೇಳಿ, ಅಲ್ಲಿನ ಸರಕಾರವು ಸಂಶೋಧನೆಯನ್ನು ನಿಲ್ಲಿಸಿತು. ಅಲ್ಲಿ ಗೋಡೆಯಾಗಲಿ ನಳಿಕೆಯಾಗಲಿ ಒಡೆದುದೆಂದು ಯಾರೂ ಹೇಳಲಿಲ್ಲ. ಯಂತ್ರಶಿಲ್ಪವು ತನ್ನ ಪಾಲಿನ ಕೆಲಸವನ್ನು ಮಾಡಿ ಮುಗಿಸಿದ ಮೇಲೆಯೂ ಶೀಲದ ಪಾಲೊಂದು ಉಳಿಯುವುದೆಂಬುದಕ್ಕೆ ಇದಕ್ಕಿಂತ ನಿದರ್ಶನವು ಬೇಡ.

ಆ ಹುಡುಗನ ತಾಯಿಯು ಈಗ ಇಲ್ಲ. ಇದ್ದಿದ್ದರೆ ನಾನು ಇಷ್ಟನ್ನು ಹೇಳುತ್ತಿದ್ದೆನು: "ತಾಯಿ, ನಿನ್ನ ಪ್ರಶ್ನೆಯು ಸಣ್ಣದಲ್ಲ. ಒಳಗೆ ಏನು ನಡೆಯುವುದೆಂದು ನೋಡುವುದಕ್ಕಾಗಿ ನೂರು ವರ್ಷಗಳಿಂದ ಜನರು ಕೈಗಳನ್ನೂ ಪ್ರಾಣಗಳನ್ನೂ ಕಳೆದುಕೊಂಡರು. ಮಾತನಾಡದ ಪ್ರಾಣಿಗಳು ಅವರಿಗಿಂತ ಹೆಚ್ಚಾಗಿ ಕಳೆದುಕೊಂಡವು. ಈಗ ಗೋಡೆಯ ಆಚೆಯಿಂದ, ಮುಟ್ಟದೆ, ಸ್ವಲ್ಪ ಸ್ವಲ್ಪವಾಗಿ ಕಾಣುತ್ತಿದೆ." ಅವನು ಈಗ ತನ್ನ ತೋಟವನ್ನು ತಾನೇ ನೋಡಿಕೊಂಡಿರುವನು. ಹೋದ ವರ್ಷ ಅವನ ಮನೆಗೆ ಹೋಗಿದ್ದಾಗ, ಕಾಡಿನಂಚಿನಲ್ಲಿ ಮಂಗ ಸತ್ತಿದೆಯೆಂದು ಆಳು ಬಂದು ಹೇಳಿದನು. ಅವನು ಯಾರನ್ನೂ ಹತ್ತಿರಕ್ಕೆ ಬಿಡಲಿಲ್ಲ. ಸತ್ತ ಮಂಗದ ಮೈಯಿಂದ ಉಣುಗುಗಳು ಇಳಿದು ಸುತ್ತಲೂ ಹರಡಿರುವುವೆಂದು ಹೇಳಿ, ಆರೋಗ್ಯಶಾಖೆಯವರಿಗೆ ತಿಳಿಸಿದನು. ಆಮ್ಯಾಲೆ, ದೂರದಲ್ಲಿಯೇ ನಿಂತು, ಎರಡು ಕೈಗಳನ್ನೂ ಜೋಡಿಸಿದನು.